ಕೊಂದವನಿಗೂ ಬಹುವಚನ

ನಮ್ಮವರು ಸಾಯುವುದರಲ್ಲಿ ಎತ್ತಿದ ಕೈ. ಹೆಂಡತಿ ಎಂಬ ಅಭಿಮಾನಕ್ಕೆ ಈ ಮಾತು ಹೇಳುತ್ತಿಲ್ಲ, ಅವರ ಮುಖಕ್ಕೆ ಬಣ್ಣ ಹಚ್ಚುವವಳಾಗಿ ಹೇಳುತ್ತಿದ್ದೇನೆ. ಸಿನಿಮಾದವರಿಗೆ ಒಂದು ಹೆಣ ಬೇಕಾದರೆ ಮೊದಲು ಫೋನ್ ಬರುವುದು ನಮ್ಮ ಮನೆಗೆ. ನೀರಿನಲ್ಲಿ ತೇಲಿದ್ದಾರೆ, ಕಾರಿನ ಡಿಕ್ಕಿಯಲ್ಲಿ ಮಡಚಿಕೊಂಡು ಮಲಗಿದ್ದಾರೆ, ಆಸ್ಪತ್ರೆಯ ತಣ್ಣನೆಯ ಮೇಜಿನ ಮೇಲೆ ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿಸಿಕೊಂಡಿದ್ದಾರೆ. ಉಸಿರು ಹಿಡಿದರೆ ಹೊಟ್ಟೆ ಅಲ್ಲಾಡುವುದಿಲ್ಲ, ರೆಪ್ಪೆ ಅದುರುವುದಿಲ್ಲ. ಒಮ್ಮೆ ಮೂಗಿನ ಮೇಲೆ ನೊಣವೊಂದು ಕೂತು ಆ ತುದಿಯಿಂದ ಈ ತುದಿಗೆ ಓಡಾಡಿತು. ಇವರು ಮಿಸುಕಲಿಲ್ಲ. ಕಟ್ ಅಂದ ಮೇಲೆ ಎದ್ದು ಕೂತು, “ಪಾಪ, ಎಲ್ಲಿ ಹೋದ್ರು ಅವರು?” ಎಂದು ಸುತ್ತಲೂ ನೋಡಿದರು.

ನೊಣಕ್ಕೇ ‘ಅವರು’ ಅನ್ನುವ ಮನುಷ್ಯ ಉಳಿದವರಿಗೆ ಏನನ್ನಬಹುದು, ನೀವೇ ಲೆಕ್ಕ ಹಾಕಿ. ಏಕವಚನ ಎಂಬುದು ಅವರ ನಾಲಿಗೆಗೆ ಒಗ್ಗಿದ್ದೇ ಇಲ್ಲ. ಅಡುಗೆಮನೆಗೆ ಬೆಕ್ಕು ನುಗ್ಗಿದರೆ, “ನೋಡಿ, ಬೆಕ್ಕು ಬಂದಿದ್ದಾರೆ” ಅನ್ನುತ್ತಾರೆ. ಬಸ್ಸಿನಲ್ಲಿ ಒಬ್ಬ ಜೇಬು ಕತ್ತರಿಸಿದಾಗ ಪೊಲೀಸಿನವರ ಮುಂದೆ ನಿಂತು, “ನೀಲಿ ಶರ್ಟು ಹಾಕಿದ್ರು ಸಾರ್, ಪಾಪ ತುಂಬಾ ಅವಸರದಲ್ಲಿದ್ರು” ಅಂದರು. ಪೊಲೀಸಪ್ಪ ಪೆನ್ನು ಕೆಳಗಿಟ್ಟು, “ನಿಮ್ಮ ಸಂಬಂಧಿಕರಾ?” ಎಂದು ಕೇಳಿದ. ನನಗೂ ಮದುವೆಯ ದಿನದಿಂದ ‘ನೀವು’ ಎಂದೇ ಕರೆಯುತ್ತಾರೆ. ಜಗಳ ಬಂದಾಗ ನಾನು ಮನೆ ಹಾರಿಹೋಗುವಂತೆ ಕೂಗಾಡುತ್ತೇನೆ, ಅವರು, “ನೀವು ಹೇಳೋದೂ ಸರೀನೇ” ಅನ್ನುತ್ತಾರೆ. ಇಂಥವರ ಜೊತೆ ಜಗಳವಾಡಿ ಏನು ಸುಖ ಹೇಳಿ! ಮೈಯೆಲ್ಲ ಉರಿದುಹೋಗುತ್ತದೆ.

ನಮ್ಮ ಅತ್ತೆಗೆ ಕಣ್ಣು ಕಾಣುವುದಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ, ಮಗ ಸಿನಿಮಾ ಸೇರುವ ಮೊದಲೇ ಎರಡೂ ಕಣ್ಣು ಹೋಗಿದ್ದವು. ಬಾಯಿ ಮಾತ್ರ ಇಡೀ ಬೀದಿಗೆ ಸಾಲುವಷ್ಟಿದೆ. ಮಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಒಳಗಿನಿಂದ, “ಇವತ್ತು ಹೇಗೆ ಸತ್ತ್ಯೋ?” ಎಂದು ಕೂಗುತ್ತಾರೆ.

“ವಿಷ ಅಮ್ಮ.”

“ಸದ್ಯ, ಬಟ್ಟೆ ಕೊಳೆಯಾಗಿಲ್ಲ.”

ಪಕ್ಕದ ಮನೆಯವರ ಮುಂದಂತೂ ಜಂಬವೋ ಜಂಬ. “ನನ್ನ ಮಗ ಸತ್ತ ಹಾಗೆ ಇನ್ನೊಬ್ಬ ಸಾಯಲಿ ನೋಡೋಣ!” ಅನ್ನುತ್ತಾರೆ. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಆದರೆ ಟಾಕೀಸಿಗೆ ಹೋದಾಗ ಅವರನ್ನು ನೋಡಬೇಕು. ಮಗನ ಪ್ರತಿ ಸಿನಿಮಾಕ್ಕೂ ಬರಲೇಬೇಕು. ನಾನು ಪಕ್ಕದಲ್ಲಿ ಕೂತು ಕಿವಿಯಲ್ಲಿ, “ಬಂದ್ರು ಅತ್ತೆ” ಅನ್ನಬೇಕು. ಅಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ಪರದೆಯ ಕಡೆ ಮುಖವೆತ್ತಿ ಕೂರುತ್ತಾರೆ. ಬೂಟಿನ ಸದ್ದು ಕೇಳುತ್ತದೆ, ನಾಯಿ ಬೊಗಳುತ್ತದೆ, ಯಾರೋ ಹೆಂಗಸು ಅಳುತ್ತಾಳೆ. ಮಗನದು ಒಂದು ಕೆಮ್ಮೂ ಇಲ್ಲ. ಹೆಣ ಎಲ್ಲಿ ಕೆಮ್ಮುತ್ತದೆ? “ಹೋದ್ರು ಅತ್ತೆ” ಅನ್ನುತ್ತೇನೆ. “ಹೌದಾ? ಚೆನ್ನಾಗಿತ್ತು” ಅನ್ನುತ್ತಾರೆ. ಒಂದು ಸಲ, ಒಂದೇ ಒಂದು ಸಲ, ಆ ಪರದೆಯ ಮೇಲಿಂದ ಮಗನ ದನಿ ಅವರ ಕಿವಿಗೆ ಬೀಳಬೇಕು ಎಂಬುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ನನ್ನ ತಮ್ಮನಿಗೆ ಸಿನಿಮಾ ನಿರ್ದೇಶಿಸುವ ಹುಚ್ಚು ಹಿಡಿಯಿತು. ಒಂದು ಧರ್ಮಪಾಠಶಾಲೆ. ಅಲ್ಲಿ ಒಬ್ಬರ ಹಿಂದೊಬ್ಬರು ಕೊಲೆಯಾಗುತ್ತಾರೆ. ಕೊಂದವರು ಯಾರು ಎಂಬುದು ಕೊನೆಯವರೆಗೂ ಗೊತ್ತಾಗಬಾರದು. ಕಥೆ ಇಷ್ಟೇ. ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಮಾತ್ರ ದೊಡ್ಡ ದೊಡ್ಡ ಶಾಟುಗಳು. ನನ್ನ ಹತ್ತಿರ ಬಂದು, “ಅಕ್ಕ, ಮೇಕಪ್ಪು, ಬಟ್ಟೆ ಎರಡೂ ನೀನೇ ನೋಡ್ಕೋಬೇಕು” ಅಂದ.

“ನೋಡ್ಕೋತೀನಿ. ಆದ್ರೆ ನಿಮ್ಮ ಭಾವನಿಗೆ ಒಂದು ಮಾತು ಕೊಡಬೇಕು” ಅಂದೆ.

“ಭಾವ ಬಾಯಿ ಬಿಟ್ರೆ ಜನ ಎದ್ದು ಓಡಿಹೋಗ್ತಾರೆ ಅಕ್ಕ. ಅವರು ಬದುಕಿರೋದನ್ನ ಇದುವರೆಗೂ ಯಾರೂ ನೋಡಿಲ್ಲ.”

“ಹಾಗಾದ್ರೆ ಬಣ್ಣ ನೀನೇ ಬಳ್ಕೋ.”

ಅವನು ತಲೆ ಕೆರೆದುಕೊಂಡು ಒಪ್ಪಿದ. ಪಾಠಶಾಲೆಯಲ್ಲಿ ಗಂಟೆ ಬಾರಿಸುವವನ ಪಾತ್ರ. ಕೊಲೆಗಾರನನ್ನು ಕಣ್ಣಾರೆ ಕಂಡುಬಿಡುತ್ತಾನೆ, ಅದಕ್ಕೇ ಅವನ ಕುತ್ತಿಗೆ ಹಿಚುಕುತ್ತಾರೆ. ಸಾಯುವ ಮುಂಚೆ ಬಾಯಿ ಬಿಟ್ಟು, “ನೋಡ್ದೆ... ಕಣ್ಣಾರೆ ನೋಡ್ದೆ... ಅವನೇ...” ಎಂದು ಪ್ರಾಣ ಬಿಡಬೇಕು. ಅಲ್ಲಿಗೆ ಮಧ್ಯಂತರ.

ಸುದ್ದಿ ಕೇಳಿ ಅತ್ತೆ ಮೊದಲು ನಂಬಲಿಲ್ಲ. “ಮಾತಾ? ಇವನಿಗಾ? ನನ್ನ ತಲೆ ಮುಟ್ಟಿ ಹೇಳು” ಅಂದರು. ಆಮೇಲೆ ಗೋಡೆ ಹಿಡಿದುಕೊಂಡು ಹೊರಬಾಗಿಲಿಗೆ ಹೋಗಿ ನಿಂತು, ದಾರಿಯಲ್ಲಿ ಹೋಗುವವರಿಗೆಲ್ಲ, “ನಮ್ಮ ಹುಡುಗ ಈ ಸಲ ಮಾತಾಡ್ತಾನೆ!” ಎಂದು ಸಾರಿದರು. ಹೊಸಬರು ಯಾರೋ, ಮನೆಯಲ್ಲಿ ಮೂಗ ಮಗುವಿಗೆ ಮಾತು ಬಂದಿದೆ ಅಂದುಕೊಂಡು ಶುಭಾಶಯ ಹೇಳಿ ಹೋದರು.

ಶೂಟಿಂಗ್ ನಡೆದದ್ದು ಮುಚ್ಚಿಹೋದ ಒಂದು ಹಳೆಯ ಪಾಠಶಾಲೆಯಲ್ಲಿ. ಉದ್ದನೆಯ ಪ್ರಾರ್ಥನಾ ಕೋಣೆ, ಸಾಲಾಗಿ ಕಬ್ಬಿಣದ ಮಂಚಗಳು, ಸುಣ್ಣ ಉದುರುವ ಗೋಡೆ. ಬಿಳಿ ನಿಲುವಂಗಿಗಳು ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಬೆಳಿಗ್ಗೆ ಕೊಲೆಯಾದವನ ಅಂಗಿಯ ರಕ್ತವನ್ನು ನಾನು ಬಚ್ಚಲಲ್ಲಿ ಉಜ್ಜಿ ಉಜ್ಜಿ ತೊಳೆದು, ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿ, ಮಧ್ಯಾಹ್ನ ಕೊಲೆಯಾಗುವವನಿಗೆ ತೊಡಿಸಬೇಕಿತ್ತು. ರಕ್ತ ಅಂದರೆ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿದ್ದು. ಹೆಣ ಮಲಗಿದ ಸ್ವಲ್ಪ ಹೊತ್ತಿಗೇ ಇರುವೆ ಸಾಲು ಬರುತ್ತಿತ್ತು. ಒಬ್ಬ ವಿದ್ಯಾರ್ಥಿಯಂತೂ ಸತ್ತ ಮೇಲೆ ಎದ್ದು ಕುಣಿದಾಡಿಬಿಟ್ಟ. ಕ್ಯಾಮೆರಾ ಓಡಿಸಲು ಗಾಲಿಕುರ್ಚಿ. ಅದರ ಒಂದು ಚಕ್ರ ಕಿರ್ ಅನ್ನುತ್ತಿತ್ತು. ಕಿರ್ ಅಂದಾಗಲೆಲ್ಲ ತಮ್ಮ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. “ಸದ್ದಿಗೆ ಯಾಕೋ ಅಳ್ತೀಯಾ, ಮಾತೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಹೊಸದಾಗಿ ಹೇಳಿಸ್ತೀಯಲ್ಲ” ಎಂದು ನಾನು ಬೈಯುತ್ತಿದ್ದೆ. ಸಿನಿಮಾದ ಹೆಸರಂತೂ ವಾರ ವಾರವೂ ಬದಲಾಗುತ್ತಿತ್ತು. ಬದಲಾದಾಗಲೆಲ್ಲ ಹಿಂದಿನದೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಕೊಲೆಗಾರ ಯಾರು ಎಂಬುದು ನಮಗೆ ಕೆಲವರಿಗಷ್ಟೇ ಗೊತ್ತಿತ್ತು. ಪಾಠಶಾಲೆಯ ಹಿರಿಯ ಗುರುಗಳು. ಜನಕ್ಕೆ ಅನುಮಾನ ಬರಬೇಕಾದದ್ದು ಬೇರೆ ಮೂವರ ಮೇಲೆ: ಸಿಡುಕ ಅಡುಗೆಯವನು, ಯಾವಾಗಲೂ ಕುಡುಗೋಲು ಹಿಡಿದಿರುವ ತೋಟದವನು, ಒಮ್ಮೆ ಓಡಿಹೋಗಿ ಮತ್ತೆ ಬಂದ ಹಳೆಯ ವಿದ್ಯಾರ್ಥಿ. ಗುರುಗಳ ಮೇಲೆ ಕೊನೆಯವರೆಗೂ ಒಂದು ಚೂರೂ ಗುಮಾನಿ ಬರಬಾರದು. ತಮ್ಮ ಇದನ್ನು ಹೇಳುವಾಗ ಕಣ್ಣರಳಿಸಿ, ದನಿ ತಗ್ಗಿಸಿ, ತಾನೇ ಯಾರನ್ನೋ ಕೊಂದು ಬಂದವನಂತೆ ಹೇಳುತ್ತಿದ್ದ.

ನಮ್ಮವರ ಶಾಟು ಬಂತು. ಗುರುಗಳ ಪಾತ್ರಧಾರಿಯ ಕೈಗಳು ಮಾತ್ರ ಕಾಣುವಂತೆ ಕ್ಯಾಮೆರಾ ಇಟ್ಟಿದ್ದರು. ಕೈಗಳು ಕುತ್ತಿಗೆ ಹಿಡಿದವು. ನಮ್ಮವರ ಕಣ್ಣು ಮೇಲಕ್ಕೆ ಹೋದವು, ಕಾಲು ಬೆಂಚಿಗೆ ಬಡಿದವು, ಮಾತು ತಡೆದು ತಡೆದು ಹೊರಗೆ ಬಂತು, ಮುಗಿಯಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ತಮ್ಮ ಬಂದು ಭಾವನನ್ನು ತಬ್ಬಿಕೊಂಡ. ನಾನು ಕೈಯಲ್ಲಿದ್ದ ಪೌಡರ್ ಡಬ್ಬಿ ಬೀಳಿಸಿ ಅತ್ತುಬಿಟ್ಟೆ. ಹೇಗೆ ಹೇಳಿದರು ಎಂಬುದನ್ನು ಎಲ್ಲರೂ ಕೇಳಿದೆವು, ಏನು ಹೇಳಿದರು ಎಂಬುದು ಒಬ್ಬರ ಕಿವಿಗೂ ಬೀಳಲಿಲ್ಲ.

ಬಿದ್ದದ್ದು ಎಡಿಟಿಂಗ್ ಮಾಡುವವನ ಕಿವಿಗೆ. ಅವನು ತುಣುಕನ್ನು ಮತ್ತೆ ಮತ್ತೆ ಓಡಿಸಿ, ತಮ್ಮನ ಕಡೆ ತಿರುಗಿ, “ಸಾರ್, ಕೊಲೆಗಾರ ಗುರುಗಳು ಅಂತ ಇಲ್ಲೇ ಗೊತ್ತಾಗೋಯ್ತಲ್ಲ?” ಅಂದನಂತೆ.

“ಹೇಗೆ? ಬರೀ ಕೈ ತಾನೇ ಕಾಣೋದು?”

“ಕೈ ಬಿಡಿ, ಬಾಯಿ ಕೇಳಿ” ಎಂದು ತುಣುಕನ್ನು ಮತ್ತೆ ಓಡಿಸಿದನಂತೆ.

“ನೋಡ್ದೆ... ಕಣ್ಣಾರೆ ನೋಡ್ದೆ... ಅವರೇ...”

ಅವರೇ! ಗಂಟೆ ಬಾರಿಸುವವನು ಅಡುಗೆಯವನಿಗೆ ‘ಅವರು’ ಅನ್ನುತ್ತಾನೆಯೇ? ತೋಟದವನಿಗೆ? ಮೊನ್ನೆ ಮೊನ್ನೆ ಮೀಸೆ ಬಂದ ವಿದ್ಯಾರ್ಥಿಗೆ? ಇಡೀ ಪಾಠಶಾಲೆಯಲ್ಲಿ ಅವನ ಬಾಯಲ್ಲಿ ‘ಅವರು’ ಅನ್ನಿಸಿಕೊಳ್ಳುವವರು ಒಬ್ಬರೇ. ಕುತ್ತಿಗೆ ಹಿಚುಕಿಸಿಕೊಳ್ಳುತ್ತಲೇ ನಮ್ಮವರು ಮರ್ಯಾದೆಯಿಂದ ಸಿನಿಮಾದ ಗುಟ್ಟನ್ನು ಮಧ್ಯಂತರಕ್ಕೇ ಬಯಲು ಮಾಡಿದ್ದರು.

ತಮ್ಮ ಮನೆಗೆ ಬಂದು ಗೋಳಾಡಿದ. ನಮ್ಮವರು ಕುಗ್ಗಿಹೋದರು. “ತಪ್ಪಾಯ್ತು. ಅವರು ಹಿರಿಯರು, ಬಾಯಿ ತಪ್ಪಿ ಬಂದ್ಬಿಡ್ತು” ಅಂದರು.

“ಭಾವ, ಅವರು ಕೊಲೆಗಾರ!”

“ಅದೂ ಸರೀನೇ.”

ನಾನು ನಡುವೆ ಬಾಯಿ ಹಾಕಿದೆ. “ಇದಕ್ಕೆ ಇಷ್ಟೊಂದು ರಂಪ ಯಾಕೆ? ಹೇಗೂ ಡಬ್ಬಿಂಗ್ ಇದೆ. ‘ರೇ’ ಇರೋ ಕಡೆ ‘ನೇ’ ಅನ್ನಿಸು. ತುಟಿ ಎರಡಕ್ಕೂ ಒಂದೇ ಥರ ಆಡುತ್ತೆ. ಯಾರಿಗೆ ಗೊತ್ತಾಗುತ್ತೆ?”

ಹೇಳುವುದು ಸುಲಭ. ಡಬ್ಬಿಂಗಿಗೆ ಹೋದರು. ಸುಮ್ಮನೆ ನಿಂತು, “ಅವನೇ ಅನ್ನಿ ಭಾವ” ಅಂದರೆ, “ಅವನೇ” ಎಂದು ಶಾಲೆಯ ಮಗುವಿನಂತೆ ಹೇಳುತ್ತಾರೆ. ಪರದೆಯ ಮೇಲೆ ಆ ಕೈಗಳು ಬಂದು ಕುತ್ತಿಗೆ ಹಿಡಿದು, ಇವರ ಉಸಿರು ಕಟ್ಟಿತೋ, ನಾಲಿಗೆ ಸೀದಾ ಹಳೆಯ ದಾರಿ ಹಿಡಿಯುತ್ತದೆ. ಅವರೇ. ಮತ್ತೊಮ್ಮೆ. ಅವರೇ. ಒಮ್ಮೆಯಂತೂ ‘ಅವನವರೇ’ ಎಂದು ಹೊಸ ಜಾತಿಯ ಒಂದು ಪದವೇ ಹುಟ್ಟಿತು. ಸೌಂಡಿನವನು ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗಿದ.

ತಮ್ಮನ ತಾಳ್ಮೆ ಮುಗಿಯಿತು. ಕಂಚಿನ ಕಂಠ ಎಂದು ಹೆಸರಾದ ಒಬ್ಬನಿದ್ದಾನೆ. ಸಿಮೆಂಟಿನ ಜಾಹೀರಾತಿಗೂ ಅವನದೇ ದನಿ, ಹಲ್ಲಿನ ಪೇಸ್ಟಿಗೂ ಅವನದೇ ದನಿ. ಅವನಿಂದ ಹೇಳಿಸುತ್ತೇನೆ ಅಂದ. ನಮ್ಮವರು ತಲೆ ತಗ್ಗಿಸಿ, “ಅದೇ ಒಳ್ಳೇದು, ಅವರು ಚೆನ್ನಾಗಿ ಹೇಳ್ತಾರೆ” ಅಂದರು.

ನನ್ನ ಪಿತ್ತ ನೆತ್ತಿಗೇರಿತು. “ನೀವು ಸುಮ್ಮನಿರಿ!” ಎಂದು ಅವರಿಗೆ ಗದರಿ, ತಮ್ಮನ ಕಡೆ ತಿರುಗಿದೆ. “ಟಾಕೀಸಲ್ಲಿ ಅತ್ತೆಗೆ ಏನಂತ ಹೇಳ್ಲಿ? ನಿಮ್ಮ ಮಗ ಬಂದ್ರು, ಗಂಟಲು ಮಾತ್ರ ಸಿಮೆಂಟಿನವನದು ಅಂತಾನಾ? ಆ ಮುದುಕಿ ಬೀದಿಗೆಲ್ಲ ಸಾರಿಕೊಂಡು ಕೂತಿದ್ದಾಳೆ ಕಣೋ. ಕಣ್ಣಿರೋರಿಗೆ ನೀನು ಏನಾದ್ರೂ ಟೋಪಿ ಹಾಕು. ಅತ್ತೆಗೆ ಇರೋದು ಕಿವಿ ಒಂದೇ.”

ಅವನು, “ನಾಳೆ ಮಧ್ಯಾಹ್ನ ಸ್ಟುಡಿಯೋ ಸ್ವಲ್ಪ ಹೊತ್ತು ಖಾಲಿ ಇರುತ್ತೆ. ಅಷ್ಟರಲ್ಲಿ ‘ಅವನೇ’ ಬಂದ್ರೆ ಬಂತು. ಇಲ್ಲ ಅಂದ್ರೆ ನನ್ನ ಕೈ ಕಟ್ಟಿಹೋಗಿದೆ ಅಕ್ಕ” ಅಂದ.

ಮರುದಿನ ಅತ್ತೆಯನ್ನೂ ಕರೆದುಕೊಂಡು ಹೋದೆ. ನಮ್ಮವರಿಂದ ಆಗುತ್ತದೆಂಬ ಭರವಸೆ ನನಗೇ ಇರಲಿಲ್ಲ. ಸಿನಿಮಾದಲ್ಲಿ ಕೊನೆಗೆ ಯಾರ ದನಿಯಾದರೂ ಇರಲಿ, ಆ ದೊಡ್ಡ ಸ್ಪೀಕರಿನಲ್ಲಿ ಒಮ್ಮೆಯಾದರೂ ಮಗನ ಮಾತನ್ನು ಕೇಳಿಬಿಡಲಿ ಎಂಬ ಆಸೆ, ಅಷ್ಟೇ. ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಸಿಕೊಂಡು, ಪರೀಕ್ಷೆಗೆ ಹೊರಟವರಂತೆ ಹೊರಟರು. ದಾರಿಯುದ್ದಕ್ಕೂ, “ಜೋರಾಗಿ ಹೇಳೋ, ಬಾಯಲ್ಲೇ ನುಂಗ್ಬೇಡ” ಎಂದು ಮಗನಿಗೆ ಪಾಠ.

ಸ್ಟುಡಿಯೋದಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ಒಳಗೆ ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ದಪ್ಪ ಹಾಸು. ನಡುವೆ ಒಂದು ದೊಡ್ಡ ಗಾಜು. ಗಾಜಿನ ಆ ಕಡೆ ನಮ್ಮವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೈಕಿನ ಮುಂದೆ ನಿಂತರು. ಈ ಕಡೆ ಸೌಂಡಿನವನು, ತಮ್ಮ, ಹಿಂದಿನ ಸೋಫಾದಲ್ಲಿ ನಾವಿಬ್ಬರು. ಅತ್ತೆ ಕೈ ಮಡಚಿ ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ನಗುಮುಖದಿಂದ ಕೂತಿದ್ದರು.

ಸ್ಪೀಕರ್ ತೆರೆದುಕೊಂಡಿತು. ಮೊದಲು ಬಂದದ್ದು ಮಾತಲ್ಲ. ಗಂಟಲು ಒತ್ತಿದ ಸದ್ದು. ಗಾಳಿಗಾಗಿ ಒದ್ದಾಡುವ, ಒಳಗೆ ಹೋಗಲಾರದೆ ತಡೆದು ತಡೆದು ಬರುವ ಉಸಿರು. ಕೋಣೆಯ ನಾಲ್ಕೂ ಮೂಲೆಯಿಂದ ಅದು ಬರುತ್ತಿತ್ತು. ಆಮೇಲೆ, “ನೋಡ್ದೆ... ಕಣ್ಣಾರೆ ನೋಡ್ದೆ... ಅವರೇ...” ಎಂದು ಒಡೆದ ದನಿ. ಕೊನೆಗೆ ಉಸಿರು ಪೂರ್ತಿ ಹೊರಗೆ ಹೋಗಿ ಮತ್ತೆ ಬಾರದೆ ನಿಂತ ಸದ್ದು.

ಅತ್ತೆಯ ನಗು ಹಾಗೇ ಮುಖದ ಮೇಲೆ ಉಳಿದಿತ್ತು. ಕೈ ಮಾತ್ರ ಹುಡುಕಿಕೊಂಡು ಬಂದು ನನ್ನ ಮಣಿಕಟ್ಟು ಹಿಡಿಯಿತು.

“ಇನ್ನೊಂದು ಸಲ ಭಾವ. ಅವನೇ... ಅವನೇ...” ಅಂದ ತಮ್ಮ.

ಮತ್ತೆ ಉಸಿರು, ಮತ್ತೆ ಒದ್ದಾಟ, ಮತ್ತೆ ‘ಅವರೇ’. ಅತ್ತೆಯ ಉಗುರು ನನ್ನ ಚರ್ಮಕ್ಕೆ ಒತ್ತಿತು.

“ಅತ್ತೆ, ಸಿನಿಮಾ ಅದು” ಎಂದು ಪಿಸುಗುಟ್ಟಿದೆ.

“ಗೊತ್ತು ಕಣೇ. ನನಗೇನು ಗೊತ್ತಿಲ್ವಾ” ಅಂದರು.

“ಇನ್ನೊಂದು ಸಲ.”

ಆಗ ನನಗೆ ಹೊಳೆಯಿತು. ವರ್ಷಗಟ್ಟಲೆ ಮಗ ಸಾಯುವುದನ್ನು ಹೇಳಿಕೊಂಡು ನಕ್ಕವರು ಅವರು, ಆದರೆ ಆ ಸಾವುಗಳಲ್ಲಿ ಒಂದನ್ನೂ ಕಂಡವರಲ್ಲ, ಕೇಳಿದವರಲ್ಲ. ಮೊದಲನೆಯದನ್ನು ಕೇಳಿಸಲು ನಾನೇ ತಲೆ ಬಾಚಿ ಕರೆದುಕೊಂಡು ಬಂದಿದ್ದೆ. ಥೂ ನನ್ನ ಬುದ್ಧಿಗಿಷ್ಟು!

“ನಿಲ್ಲಿಸೋ” ಎಂದು ತಮ್ಮನಿಗೆ ಹೇಳುವಷ್ಟರಲ್ಲಿ ಅವರು ಎದ್ದೇಬಿಟ್ಟರು. ಎರಡೂ ಕೈ ಮುಂದೆ ಚಾಚಿ, ಮೇಜಿನ ಅಂಚು ಸವರಿಕೊಂಡು ಹೋಗಿ, ಗಾಜಿನ ಮೇಲೆ ಅಂಗೈ ಊರಿ ನಿಂತರು. ಪರದೆಯ ಮೇಲೆ ಆ ಕೈಗಳು ಮತ್ತೆ ಬಂದಿದ್ದವು, ಸ್ಪೀಕರಿನಲ್ಲಿ ಉಸಿರು ಕಟ್ಟತೊಡಗಿತ್ತು. ಸೌಂಡಿನವನಿಗೆ ಏನು ತೋಚಿತೋ, ಒಳಗಿನವರಿಗೆ ನಮ್ಮ ಮಾತು ಕೇಳಿಸುವ ಗುಂಡಿಯನ್ನು ಒತ್ತಿ ಹಿಡಿದ.

“ಲೋ!” ಎಂದು ಅತ್ತೆ ಕೂಗಿದರು. “ಅವರಂತೆ ಅವರು! ನಿನ್ನ ಕುತ್ತಿಗೆ ಹಿಚುಕ್ತಿರೋ ಮುಂಡೇಮಗನಿಗೆ ಮರ್ಯಾದೆ ಬೇರೆ ಕೊಡ್ತಾ ನಿಂತಿದ್ದೀಯಾ? ಒದಿಯೋ ಅವನನ್ನ! ನನ್ನ ಕೈಗೆ ಸಿಕ್ಕಿದ್ರೆ ಸಿಗಿದು ಹಾಕ್ತೀನಿ. ಅವನು ಅನ್ನೋ! ಅವನು ಅನ್ನು, ನನ್ನಪ್ಪಾ!”

ನಮ್ಮವರು ಪರದೆ ನೋಡುವುದನ್ನು ಬಿಟ್ಟರು. ಗಾಜಿನ ಮೇಲಿದ್ದ ಆ ಎರಡು ಅಂಗೈಗಳನ್ನೇ ನೋಡುತ್ತಾ ನಿಂತರು. ಬಾಯಿ ತೆರೆಯಿತು.

“ನೋಡ್ದೆ... ಕಣ್ಣಾರೆ ನೋಡ್ದೆ... ಅವನೇ... ಅಮ್ಮಾ...”

‘ಅಮ್ಮಾ’ ಎಂಬುದು ಯಾರೂ ಬರೆದುಕೊಟ್ಟ ಮಾತಲ್ಲ. ಆದರೆ ಪರದೆಯ ಮೇಲೆ ಕೊನೆಯ ಉಸಿರಿಗೆ ಬಾಯಿ ತೆರೆದು ಮುಚ್ಚಿತ್ತಲ್ಲ, ಅಲ್ಲಿಗೆ ಸರಿಯಾಗಿ ಹೋಗಿ ಕೂತಿತು.

ತಮ್ಮ ಕುರ್ಚಿಯಿಂದ ಹಾರಿ ಎದ್ದ. “ಓಕೆ! ಓಕೆ! ಭಾವ, ಏನ್ ಕೊಟ್ರಿ! ಸೇಫ್ಟಿಗೆ ಇನ್ನೊಂದೇ ಒಂದು ಸಲ...”

“ಬಾಯಿ ಮುಚ್ಚೋ” ಅಂದೆ. ನನಗೆ ಅಳು ಬರುತ್ತಿತ್ತು. “ಇನ್ನೊಂದು ಸಲ ಅಂದ್ರೆ ನಿನ್ನ ಕುತ್ತಿಗೆ ನಾನು ಹಿಚುಕ್ತೀನಿ.”

ನಮ್ಮವರು ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಬಂದರು. ಬಾಗಿಲ ಸದ್ದು ಕೇಳಿ ಅತ್ತೆ ತಿರುಗಿದರು. ಕೈಗಳು ಮೊದಲು ಮಗನ ಎದೆಗೆ ತಗುಲಿ, ಭುಜಕ್ಕೆ ಏರಿ, ಕುತ್ತಿಗೆಗೆ ಬಂದು ನಿಂತವು. ಬೆರಳುಗಳು ಕುತ್ತಿಗೆಯ ಸುತ್ತ, ಕಿವಿಯ ಹಿಂದೆ, ಗಂಟಲಿನ ಗುಳಿಯಲ್ಲಿ ಮೆಲ್ಲಗೆ ಸವರಿ ಸವರಿ ನೋಡಿದವು.

“ನೋವಾಯ್ತಾ?”

“ಇಲ್ಲಮ್ಮ. ಒಳಗೆ ನಾನೊಬ್ಬನೇ ಇದ್ದೆ. ಯಾರೂ ಮುಟ್ಟಲಿಲ್ಲ.”

“ಗೊತ್ತು ಕಣೋ” ಅಂದರು ಅತ್ತೆ. ಕೈ ತೆಗೆಯಲಿಲ್ಲ. “ಇಷ್ಟು ವರ್ಷ ಹೀಗೇನಾ ನೀನು ಸಾಯ್ತಾ ಇದ್ದಿದ್ದು?”

ನಮ್ಮವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

“ಅವಾಗೆಲ್ಲ ಸದ್ದಿರ್ಲಿಲ್ಲ ಅಮ್ಮ” ಅಂದರು.

ಅತ್ತೆ, “ನಡಿ, ಮನೆಗೆ ಹೋಗೋಣ” ಅಂದರು. ತಮ್ಮ ಬಾಗಿಲು ತೆರೆದು ಹಿಡಿದ. ಮೆಟ್ಟಿಲು ಇಳಿಯುವಾಗ ಯಾವತ್ತೂ ಮಗನ ತೋಳು ಹಿಡಿಯುವವರು ಅವತ್ತು ಅಂಗಿಯ ಕಾಲರನ್ನೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ನಮ್ಮವರು ಕುತ್ತಿಗೆ ಬಗ್ಗಿಸಿಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಇಳಿದರು. ಇಬ್ಬರೂ ಬರಿಗಾಲಲ್ಲೇ ಹೋಗುತ್ತಿದ್ದರು. ನಾನು ಮೂವರ ಚಪ್ಪಲಿಗಳನ್ನೂ ಎತ್ತಿಕೊಂಡು ಹಿಂದೆ ನಡೆದೆ.